ಡೀಸಲ್‌ನಲ್ಲಿ ನೀರಿತ್ತಂತೆ

ನಮ್ಮ ತಿಪಟೂರು ಕಡೆ ಹಳ್ಳಿಗಳಲ್ಲಿ ಪಂಪು ಅಂದರೆ ಎರಡೇ. ಒಂದು ತೋಟದ ಬೋರಿನದು, ಇನ್ನೊಂದು ಮೈಕೋ ಪಂಪು. ಟ್ರ್ಯಾಕ್ಟರ್ ಆಗಲಿ, ಲಾರಿ ಆಗಲಿ, ಎಂಜಿನ್ನಿನ ಪಕ್ಕದಲ್ಲಿ ಕೂತು ಡೀಸಲನ್ನು ಒತ್ತಿ ನಾಜಲ್‌ಗೆ ಕಳಿಸುವ ಆ ಕಬ್ಬಿಣದ ಡಬ್ಬವನ್ನು ಯಾವ ಕಂಪನಿ ಮಾಡಿದ್ದರೂ ಊರಿನವರ ಬಾಯಲ್ಲಿ ಅದು ಮೈಕೋ ಪಂಪೇ. ಬೆಂಗಳೂರಲ್ಲಿ ಮೈಕೋ ಲೇಔಟ್ ಅಂದ ತಕ್ಷಣ ಪಿಜಿ ಮತ್ತು ಟ್ರಾಫಿಕ್ ನೆನಪಾಗುವವರಿಗೆ ಹೇಳಬೇಕು: ಮೈಕೋ ಅಂದರೆ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್‌ನ ಭಾರತದ ಕವಲು. ಆಡುಗೋಡಿಯ ಕಾರ್ಖಾನೆ ಅವರದ್ದೇ. 2008ರಲ್ಲಿ ಬೋರ್ಡು ಬದಲಾಗಿ ಬಾಷ್ ಲಿಮಿಟೆಡ್ ಆಯ್ತು. ಊರಲ್ಲಿ ಮಾತ್ರ ಇನ್ನೂ ಮೈಕೋ.

ಆ ಹಳೇ ಪಂಪು ಕೆಟ್ಟರೆ ಯಾರೂ ಯಾರ ಮೇಲೂ ಕೇಸು ಹಾಕುತ್ತಿರಲಿಲ್ಲ. ಗಾಡಿ ಕಪ್ಪು ಹೊಗೆ ಕಾರಿದರೆ, ದಿಬ್ಬ ಎಳೆಯದಿದ್ದರೆ, ಮೆಕ್ಯಾನಿಕ್ಕು ಪಂಪು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಕೊಂಡು ಪೇಟೆಯ ಪಂಪ್ ಸರ್ವಿಸ್ ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ಒಂದೊಂದು ಸಿಲಿಂಡರಿಗೂ ಎಷ್ಟೆಷ್ಟು ಡೀಸಲ್ ಬೀಳುತ್ತಿದೆ ಅಂತ ಅಳೆದು, ಸವೆದ ಎಲಿಮೆಂಟ್ ಬದಲಾಯಿಸಿ ಕೊಡುತ್ತಿದ್ದರು. ಕೆಟ್ಟಿದ್ದು ಏನು ಅಂತ ಗಾಡಿಯವನ ಕಣ್ಣೆದುರಿಗೇ ಕಾಣುತ್ತಿತ್ತು. ಹಳೇ ಸಾಮಾನು ಅವನ ಕೈಗೇ ಬರುತ್ತಿತ್ತು. ಈ ಎರಡು ವಿಷಯ ಸ್ವಲ್ಪ ನೆನಪಿಟ್ಟುಕೊಂಡಿರಿ.

ಈಗಿನ ಪಂಪಿನ ಕತೆ ಬೇರೆ. ಹಳೇ ಇನ್‌ಲೈನ್ ಪಂಪಿನ ಕೆಳಗಿನ ಕ್ಯಾಮ್ ಭಾಗ ಎಂಜಿನ್ ಆಯಿಲ್‌ನಲ್ಲಿ ಮಿಂದುಕೊಂಡು ಕೆಲಸ ಮಾಡುತ್ತಿತ್ತು. ಕಾಮನ್ ರೈಲ್ ಎಂಜಿನ್ನಿನ ಹೈ ಪ್ರೆಷರ್ ಪಂಪಿಗೆ ಆ ಭಾಗ್ಯ ಇಲ್ಲ. ಅದು ಒತ್ತುವುದೂ ಡೀಸಲನ್ನೇ, ಅದರ ಕೀಲುಗಳಿಗೆ ಎಣ್ಣೆಯೂ ಅದೇ ಡೀಸಲ್ಲು. ಒತ್ತಡ ನೋಡಿದರೆ 2000 ಬಾರ್‌ವರೆಗೂ ಹೋಗುತ್ತದೆ. ನಿಮ್ಮ ಕಾರಿನ ಟಯರಿನಲ್ಲಿರುವ ಗಾಳಿ ಎರಡು ಬಾರ್ ಚಿಲ್ಲರೆ. ಅದರ ಸಾವಿರದಷ್ಟು ಅಂತ ಇಟ್ಟುಕೊಳ್ಳಿ. ಅಷ್ಟು ಒತ್ತಡದಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಡೀಸಲ್ಲಿನ ತೆಳ್ಳನೆ ಪದರ ಒಂದೇ.

ಅಮೆರಿಕದಲ್ಲಿ ಸಿಪಿ4 ಅನ್ನೋ ಪಂಪು ದೊಡ್ಡ ರಾದ್ಧಾಂತ ಮಾಡಿತು. ಮಾಡಿದ್ದು ಬಾಷ್. 2011ರ ಮಾಡೆಲ್‌ನಿಂದ ಜನರಲ್ ಮೋಟಾರ್ಸ್‌ನವರು ಸಿಲ್ವರಾಡೋ ಮತ್ತು ಸಿಯೆರಾ ಹೆವಿ ಡ್ಯೂಟಿ ಪಿಕಪ್ಪುಗಳ ಡ್ಯೂರಾಮ್ಯಾಕ್ಸ್ ಎಂಜಿನ್ನಿಗೆ ಇದನ್ನು ಹಾಕಿದರು. ಫೋರ್ಡ್‌ನವರು ತಮ್ಮ 6.7 ಲೀಟರಿನ ಪವರ್ ಸ್ಟ್ರೋಕ್ ಎಂಜಿನ್ನಿಗೆ ಹಾಕಿದರು. ಅಲ್ಲಿ ಪಿಕಪ್ ಟ್ರಕ್ ಅಂದರೆ ಶೋಕಿಯೂ ಹೌದು, ದುಡಿಮೆಯೂ ಹೌದು. ದನ ಸಾಗಿಸುವವರು, ಹುಲ್ಲಿನ ಪೆಂಡಿ ಎಳೆಯುವವರು, ವೆಲ್ಡಿಂಗ್ ಮಾಡುವವರು ಡೀಸಲ್ ಗಾಡಿಗೆ ಪೆಟ್ರೋಲ್ ಗಾಡಿಗಿಂತ ಸಾವಿರಾರು ಡಾಲರ್ ಹೆಚ್ಚು ಕೊಡುವುದು, ಡೀಸಲ್ ಎಂಜಿನ್ ಸಾಯುವುದಿಲ್ಲ ಅನ್ನೋ ನಂಬಿಕೆಯ ಮೇಲೆ.

ಇದಕ್ಕಿಂತ ಹಿಂದಿನ ಸಿಪಿ3 ಪಂಪಿನಲ್ಲಿ ಮೂರು ಪ್ಲಂಜರ್ ಇದ್ದವು. ಈ ಗಾಡಿಗಳಿಗೆ ಬಂದ ಸಿಪಿ4.2ರಲ್ಲಿ ಎರಡು. ಪ್ರತಿ ಪ್ಲಂಜರಿನ ಕೆಳಗೆ ಒಂದು ಟ್ಯಾಪೆಟ್, ಅದರ ತುದಿಯಲ್ಲಿ ಒಂದು ರೋಲರ್. ರೋಲರ್ ಕ್ಯಾಮ್ ಮೇಲೆ ಉರುಳುತ್ತಾ ಪ್ಲಂಜರನ್ನು ಮೇಲಕ್ಕೆ ತಳ್ಳಬೇಕು. ರೋಲರ್ ನೇರವಾಗಿ ಕೂತಿರುವವರೆಗೂ ಎಲ್ಲ ಸರಿ. ಆದರೆ ಟ್ಯಾಪೆಟ್ ತನ್ನ ಗೂಡಿನಲ್ಲಿ ಸ್ವಲ್ಪ ತಿರುಗಿಕೊಂಡಿತು ಅಂದ್ಕೊಳ್ಳಿ. ಎತ್ತಿನಗಾಡಿಯ ಚಕ್ರವನ್ನು ಅಡ್ಡಕ್ಕಿಟ್ಟು ಎಳೆದ ಹಾಗೆ, ಉರುಳಬೇಕಾದ್ದು ಉಜ್ಜಲು ಶುರು ಮಾಡುತ್ತದೆ. ಉಜ್ಜಿದ ಜಾಗದಿಂದ ಉಕ್ಕಿನ ಪುಡಿ ಏಳುತ್ತದೆ. ಆ ಪುಡಿ ಡೀಸಲ್ ಜೊತೆ ರೈಲಿಗೆ, ರೈಲಿನಿಂದ ಇಂಜೆಕ್ಟರ್‌ಗಳಿಗೆ, ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಹೀಗಾಗಿ ಪಂಪ್ ಒಂದನ್ನೇ ಬದಲಾಯಿಸಿದರೆ ಆಗುವುದಿಲ್ಲ. ರೈಲು, ಇಂಜೆಕ್ಟರ್‌ಗಳು, ಪೈಪುಗಳು, ಟ್ಯಾಂಕ್ ಕ್ಲೀನಿಂಗ್, ಎಲ್ಲವೂ ಸೇರಿ ಬಿಲ್ಲು. ಅಲ್ಲಿನ ಮೆಕ್ಯಾನಿಕ್ಕುಗಳು ಇದಕ್ಕೆ ಗ್ರೆನೇಡ್ ಸಿಡಿಯೋದು ಅಂತಲೇ ಹೆಸರಿಟ್ಟರು. ಅನೇಕರ ಬಿಲ್ಲು 10 ಸಾವಿರ ಡಾಲರ್ ಮುಟ್ಟಿತು.

ಬಿಲ್ಲು ಮಾಲೀಕನಿಗೆ ಯಾಕೆ ಬರಬೇಕು? ಈ ಡೀಸಲ್ ಎಂಜಿನ್ನುಗಳಿಗೆ ಆ ಕಂಪನಿಗಳು ಕೊಡುತ್ತಿದ್ದದ್ದು 5 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ. ಆದರೆ ವಾರಂಟಿ ಕಾಗದದಲ್ಲಿ ಒಂದು ಸಾಲು ಇರುತ್ತದೆ. ಸಾಮಗ್ರಿಯ ದೋಷ, ತಯಾರಿಕೆಯ ದೋಷ ಇದ್ದರೆ ನಾವು ಕೊಡುತ್ತೇವೆ. ಕೆಟ್ಟ ಇಂಧನದಿಂದ ಆದ ಹಾನಿಗೆ ಕೊಡುವುದಿಲ್ಲ. ಗಾಡಿ ಟೋ ಆಗಿ ಬಂತು. ಫಿಲ್ಟರ್ ಬಿಚ್ಚಿದರು. ಒಳಗೆ ಲೋಹದ ಪುಡಿ, ಒಂದಿಷ್ಟು ತುಕ್ಕಿನ ಬಣ್ಣ. ಡೀಲರ್ ಬರೆದ: ಇಂಧನ ಕಲುಷಿತವಾಗಿದೆ. ಕ್ಲೇಮ್ ತಿರಸ್ಕೃತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಧನ ಕಲುಷಿತವಾಗಿತ್ತಾ? ಆಗಿತ್ತು, ಅದರಲ್ಲಿ ಲೋಹದ ಪುಡಿ ಇತ್ತಲ್ಲ. ಆದರೆ ಪುಡಿ ಬಂದದ್ದು ಬಂಕಿನಿಂದಲ್ಲ, ಪಂಪಿನಿಂದ. ಡೀಸಲ್ ಕೆಟ್ಟಿದ್ದರಿಂದ ಪಂಪು ಸತ್ತಿತೋ, ಪಂಪು ಸತ್ತಿದ್ದರಿಂದ ಡೀಸಲ್ ಕೆಟ್ಟಿತೋ, ಎರಡಕ್ಕೂ ಟ್ಯಾಂಕಿನಲ್ಲಿ ಕಾಣುವುದು ಬಹುಪಾಲು ಒಂದೇ ದೃಶ್ಯ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಸರ್ವರ್ ಕ್ರ್ಯಾಶ್ ಆಗುವಾಗ ಡೇಟಾ ಕೆಟ್ಟಿದೆ. ಡೇಟಾ ಕೆಟ್ಟಿರುವುದನ್ನು ತೋರಿಸಿ, ನೋಡಿ, ಇದಕ್ಕೇ ಸರ್ವರ್ ಬಿತ್ತು ಅಂದ ಹಾಗೆ. ಲಾಗ್ ನೋಡದೆ ಯಾವುದು ಮೊದಲು ಅಂತ ಹೇಳಲು ಬರುವುದಿಲ್ಲ.

ಡೀಸಲ್ಲಿನ ಪಾತ್ರವೇ ಇಲ್ಲ ಅಂತಲೂ ಅಲ್ಲ. ಹಿಂದೆ ಡೀಸಲ್ಲಿನಲ್ಲಿ ಗಂಧಕ ಹೆಚ್ಚಿತ್ತು. ಹೊಗೆ ಕಡಿಮೆ ಮಾಡಲು ಅಮೆರಿಕ 2006ರಿಂದ ಅದನ್ನು ಹತ್ತು ಲಕ್ಷಕ್ಕೆ 15 ಭಾಗಕ್ಕೆ ಇಳಿಸುತ್ತಾ ಬಂತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸಲ್ಲಿಗೆ ಜಾರುಗುಣ ಕೊಡುವ ಒಂದಷ್ಟು ಅಂಶಗಳೂ ಹೋಗುತ್ತವೆ. ಅದಕ್ಕೇ ಆಮೇಲೆ ಬೇರೆ ಅಡಿಟಿವ್ ಬೆರೆಸುತ್ತಾರೆ. ಜಾರುಗುಣ ಅಳೆಯುವ ಪರೀಕ್ಷೆ ಸರಳ. ಡೀಸಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ಬಿಲ್ಲೆಯ ಮೇಲೆ ಉಕ್ಕಿನ ಗುಂಡನ್ನು ಹಿಂದೆ ಮುಂದೆ ಉಜ್ಜುವುದು, ಗುಂಡಿನ ಮೇಲೆ ಎಷ್ಟಗಲದ ಗಾಯ ಆಯ್ತು ಅಂತ ನೋಡುವುದು. ಗಾಯ ಸಣ್ಣದಿದ್ದಷ್ಟೂ ಡೀಸಲ್ ಒಳ್ಳೆಯದು. ಯುರೋಪಿನಲ್ಲಿ 460 ಮೈಕ್ರಾನ್ ದಾಟಬಾರದು. ಅಮೆರಿಕದಲ್ಲಿ 520ರವರೆಗೂ ನಡೆಯುತ್ತದೆ. ನಮ್ಮ ಭಾರತದ ಮಾನಕವೂ 460.

ಟ್ರಕ್ ಮಾಲೀಕರು ಕೋರ್ಟಿನಲ್ಲಿ ಹಿಡಿದದ್ದು ಇದೇ ಎಳೆಯನ್ನು. ಯುರೋಪಿನ ಡೀಸಲ್ಲಿಗೆ ಹೊಂದುವ ಪಂಪನ್ನು ಅಮೆರಿಕದ ಡೀಸಲ್ ಕುಡಿಯುವ ಗಾಡಿಗೆ ಹಾಕಿದ್ದೀರಿ, ಇದು ನಿಮಗೆ ಮೊದಲೇ ಗೊತ್ತಿತ್ತು, ಅಂತ ಆರೋಪ. ಕಂಪನಿಗಳು ಒಪ್ಪಲಿಲ್ಲ. 2018ರಿಂದ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಮಿಷಿಗನ್ ಕೋರ್ಟುಗಳಲ್ಲಿ ದಾವೆಗಳು ನಡೆದವು. ಈ ವಾದದ ತಿರುಳು ನನಗೆ ಹಿಡಿಸಿತು. ಬಂಕಿನಲ್ಲಿ ಸಿಗುವ, ಸರ್ಕಾರದ ಮಾನಕಕ್ಕೆ ಸರಿಹೊಂದುವ ಡೀಸಲ್ ಹಾಕಿಸಿಕೊಂಡವನು ಇನ್ನೇನು ಮಾಡಬೇಕಿತ್ತು?

ಆಮೇಲೆ ಆದದ್ದು ನೋಡಿ. 2017ರ ಮಾಡೆಲ್‌ಗೆ ಜನರಲ್ ಮೋಟಾರ್ಸ್ ಸಿಪಿ4 ಬಿಟ್ಟು ಜಪಾನಿನ ಡೆನ್ಸೊ ಪಂಪಿಗೆ ಹೋಯಿತು. 2019ರಲ್ಲಿ ರ‍್ಯಾಮ್‌ನವರು ತಮ್ಮ ಕಮಿನ್ಸ್ ಎಂಜಿನ್ನಿನ ದೊಡ್ಡ ಪಿಕಪ್ಪುಗಳಿಗೆ ಸಿಪಿ4 ಹಾಕಿದರು. ಎರಡೇ ವರ್ಷ. 2021ರ ಮಾಡೆಲ್‌ಗೆ ಮತ್ತೆ ಹಳೇ ಸಿಪಿ3ಕ್ಕೆ ವಾಪಸ್. ಅದೇ ವರ್ಷದ ಕೊನೆಗೆ ಸುಮಾರು 2 ಲಕ್ಷ 22 ಸಾವಿರ ಗಾಡಿಗಳನ್ನು ರೀಕಾಲ್ ಮಾಡಿ, ಹೊಸ ಪಂಪು ಕಿತ್ತು ಹಳೇ ಮಾದರಿಯದ್ದನ್ನು ಕೂರಿಸಿಕೊಡುವುದಾಗಿ ಹೇಳಿದರು. ಓಡುವ ಗಾಡಿ ಇದ್ದಕ್ಕಿದ್ದಂತೆ ಹೈವೇಯಲ್ಲಿ ನಿಂತುಬಿಡುವ ಅಪಾಯ ಇದೆ ಅನ್ನೋದು ಕಾರಣ. ಜನರಲ್ ಮೋಟಾರ್ಸ್ ಮೇಲಿನ ದಾವೆ 2024ರಲ್ಲಿ 5 ಕೋಟಿ ಡಾಲರಿನ ರಾಜಿಗೆ ಬಂತು. ತಪ್ಪು ಒಪ್ಪಿಕೊಂಡ ರಾಜಿಯಲ್ಲ. ಲಾಭ ಸಿಗುವುದು ಏಳು ರಾಜ್ಯಗಳಲ್ಲಿ ಕೊಂಡವರಿಗೆ. ಮೊದಲ ಗಾಡಿ ರಸ್ತೆಗೆ ಬಂದು ಅಷ್ಟರಲ್ಲಿ 13 ವರ್ಷ ಕಳೆದಿತ್ತು.

ಇದೆಲ್ಲ ನನಗೆ ಗೊತ್ತಾಗಿದ್ದು ಕೆಲಸದಿಂದ. ಮೂರು ವರ್ಷ ನಾನಿದ್ದ ಟೀಮು ಬೆಂಗಳೂರಲ್ಲಿ ಕೂತು ಹೊರದೇಶದ ಒಂದು ವಾಹನ ಕಂಪನಿಗೆ ವಾರಂಟಿ ಕ್ಲೇಮಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಆ ವ್ಯಾಪಾರದ ಭಾಷೆಯಲ್ಲಿ ಒಂದು ಕ್ಲೇಮಿಗೆ ಮೂರು ಅಂಗ: ದೂರು ಏನು, ಕಾರಣ ಏನು, ಮಾಡಿದ ರಿಪೇರಿ ಏನು. ದೂರು ಗಿರಾಕಿಯದ್ದು, ರಿಪೇರಿ ಮೆಕ್ಯಾನಿಕ್ಕಿನದು. ನಡುವಿನ 'ಕಾರಣ' ಮಾತ್ರ ಸ್ಕ್ರೀನಿನ ಮೇಲೆ ಒಂದು ಡ್ರಾಪ್‌ಡೌನ್. ಅದರಲ್ಲಿ ಆರಿಸಿದ ಒಂದು ಕೋಡು ಯಾರ ಜೇಬಿನಿಂದ ದುಡ್ಡು ಹೋಗಬೇಕು ಅಂತ ತೀರ್ಮಾನ ಮಾಡುತ್ತದೆ.

ಮೊದಮೊದಲು ನಾನೂ ಡೀಲರೇ ಕಳ್ಳ ಅಂದುಕೊಂಡಿದ್ದೆ. ಒಳಗಿನಿಂದ ನೋಡಿದ ಮೇಲೆ ಅಷ್ಟು ಸುಲಭ ಅನ್ನಿಸಲಿಲ್ಲ. ಡೀಲರ್ ವಾರಂಟಿಯಲ್ಲಿ ಕೆಲಸ ಮಾಡಿಕೊಟ್ಟರೆ ಕಂಪನಿ ಆಮೇಲೆ ಆಡಿಟ್ ಮಾಡುತ್ತದೆ. ಕಾಗದ ಸರಿಯಿಲ್ಲ, ಇದು ವಾರಂಟಿ ಕೇಸೇ ಅಲ್ಲ ಅಂತ ಆಡಿಟರ್ ಹೇಳಿದರೆ ಕೊಟ್ಟ ದುಡ್ಡು ವಾಪಸ್ ಹಿಡಿಯುತ್ತಾರೆ. ಅದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಅಂದರೆ ಕೌಂಟರಿನ ಆಚೆ ಕೂತ ಹುಡುಗನಿಗೆ ಎರಡು ದಾರಿ. ಕ್ಲೇಮ್ ಒಪ್ಪಿದರೆ ನಾಳೆ ತನ್ನ ಮಾಲೀಕನ ಬಾಯಲ್ಲಿ ಬೈಸಿಕೊಳ್ಳುವ ಭಯ. ತಿರಸ್ಕರಿಸಿದರೆ ಇವತ್ತು ಗಿರಾಕಿ ಕೂಗಾಡುತ್ತಾನೆ, ಅಷ್ಟೇ. ದುಡ್ಡಿನ ದೃಷ್ಟಿಯಿಂದ ಎರಡನೆಯದೇ ಕ್ಷೇಮ. ಯಾರೂ ಕೆಟ್ಟವರಾಗಬೇಕಿಲ್ಲ, ವ್ಯವಸ್ಥೆಯ ಇಳಿಜಾರೇ ಆ ಕಡೆಗಿದೆ. ನೀರು ತಾನಾಗಿ ಆ ಕಡೆ ಹರಿಯುತ್ತದೆ.

ನಮ್ಮ ಸೋದರಮಾವನ ಗಾಡಿ ನಿಂತಾಗ ಈ ಇಳಿಜಾರನ್ನು ಕೆಳಗಿನಿಂದ ನೋಡುವ ಯೋಗ ಬಂತು.

ಮಾವ ತೆಂಗಿನಕಾಯಿ ಸಾಗಿಸುತ್ತಾರೆ. 2021ರ ಅಕ್ಟೋಬರಿನಲ್ಲಿ ಸಾಲ ಮಾಡಿ ಬಿಎಸ್6 ಪಿಕಪ್ ತಗೊಂಡರು. ಡ್ರೈವರೂ ಅವರೇ, ಹಮಾಲರ ಜೊತೆ ಹೆಗಲು ಕೊಡೋರೂ ಅವರೇ. 2023ರ ಸೆಪ್ಟೆಂಬರಿನಲ್ಲಿ ಅರಸೀಕೆರೆ ರಸ್ತೆಯಲ್ಲಿ ಲೋಡು ಸಮೇತ ನಿಂತುಹೋಯ್ತು. ಓಡಿದ್ದು 61 ಸಾವಿರ ಕಿಲೋಮೀಟರ್. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಟೋ ಮಾಡಿಸಿ ಸರ್ವಿಸ್ ಸೆಂಟರಿಗೆ ಹಾಕಿದರು. ಎರಡು ದಿನ ಬಿಟ್ಟು ಫೋನ್ ಬಂತು. "ಯಜಮಾನ್ರೇ, ಡೀಸಲ್‌ನಲ್ಲಿ ನೀರಿದೆ. ಪಂಪು, ರೈಲು, ನಾಲ್ಕು ಇಂಜೆಕ್ಟರು ಹೋಗಿವೆ. ವಾರಂಟಿ ಬರಲ್ಲ. 1 ಲಕ್ಷ 84 ಸಾವಿರ ಆಗುತ್ತೆ. ಓಕೆ ಅಂದ್ರೆ ಕೆಲಸ ಶುರು ಮಾಡ್ತೀವಿ."

ಮಾವ ನನಗೆ ಫೋನ್ ಮಾಡಿದಾಗ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. "ಹತ್ತು ವರ್ಷದಿಂದ ಅದೇ ಬಂಕು ಕಣೋ. ನಾನೇನು ಕದ್ದ ಡೀಸಲ್ ಹಾಕಿಸ್ತೀನಾ? ನೀರಿದ್ದಿದ್ರೆ ನನ್ನ ಗಾಡಿ ಒಂದೇ ಯಾಕೋ ನಿಲ್ತಿತ್ತು?"

ಕೊನೇ ಮಾತು ನನಗೆ ಸರಿಯಾಗಿ ಹಿಡಿಸಿತು. ಒಂದೇ ಇನ್‌ಪುಟ್, ಹತ್ತಾರು ಗಾಡಿ, ಕೆಟ್ಟಿದ್ದು ಒಂದು. ಯಾವ ಡೀಬಗಿಂಗೂ ಇಲ್ಲಿಂದಲೇ ಶುರುವಾಗುವುದು. ಶನಿವಾರ ಊರಿಗೆ ಹೋಗಿ ಇಬ್ಬರೂ ಬಂಕಿಗೆ ಹೋದೆವು. ಮ್ಯಾನೇಜರು ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಡೆನ್ಸಿಟಿ ರಿಜಿಸ್ಟರ್ ತೆಗೆದು ತೋರಿಸಿದರು. ಲೋಡು ಇಳಿಸಿದಾಗ ಬರೆದ ಡೆನ್ಸಿಟಿಗೂ ದಿನಾ ಬೆಳಗ್ಗೆ ನೋಡುವುದಕ್ಕೂ 3 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನೋದು ನಿಯಮ. ಆ ವಾರದ ಸಾಲುಗಳೆಲ್ಲ ಅದರೊಳಗೇ ಇದ್ದವು. ನೆಲದಡಿಯ ಟ್ಯಾಂಕಿನಲ್ಲಿ ನೀರಿದೆಯಾ ಅಂತ ನೋಡಲು ಅಳತೆ ಕೋಲಿಗೆ ಸವರುವ ಪೇಸ್ಟ್ ಬರುತ್ತದೆ. ನೀರು ತಗುಲಿದರೆ ಬಣ್ಣ ಬದಲಾಗುತ್ತದೆ. ಅದನ್ನೂ ನಮ್ಮೆದುರಿಗೇ ಹಾಕಿ ತೋರಿಸಿದರು. ಬಣ್ಣ ಬದಲಾಗಲಿಲ್ಲ. ಮಾವನಿಗೆ ಅಷ್ಟಕ್ಕೇ ಅರ್ಧ ಜೀವ ಬಂತು.

ಸೋಮವಾರ ಸರ್ವಿಸ್ ಸೆಂಟರಿನಲ್ಲಿ ನಾನು ಕೇಳಿದ್ದು ಸ್ಕ್ಯಾನ್ ರಿಪೋರ್ಟ್. ಈಗಿನ ಡೀಸಲ್ ಗಾಡಿಗಳ ಫಿಲ್ಟರಿನ ತಳದಲ್ಲಿ ಸಾಮಾನ್ಯವಾಗಿ ನೀರು ಪತ್ತೆ ಮಾಡುವ ಸೆನ್ಸರ್ ಇರುತ್ತದೆ. ನೀರು ಸೇರಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ನಿನ ಕಂಪ್ಯೂಟರಿನಲ್ಲಿ ಕೋಡು ಉಳಿಯುತ್ತದೆ. ಪಿ2269 ಅಂದರೆ ಡೀಸಲ್‌ನಲ್ಲಿ ನೀರು. ಪಿ0087 ಅಂದರೆ ರೈಲಿನಲ್ಲಿ ಒತ್ತಡ ಸಾಲದು. ಮಾವನ ಗಾಡಿಯಲ್ಲಿ ಇದ್ದದ್ದು ಪಿ0087. ಪಿ2269 ಇರಲೇ ಇಲ್ಲ.

"ಸೆನ್ಸರ್‌ಗೆ ಕೆಲವು ಸಲ ಗೊತ್ತಾಗಲ್ಲ ಸಾರ್," ಅಂದ ಅಡ್ವೈಸರ್.

"ಹಂಗಾದ್ರೆ ನೀರಿತ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ನೀರಿನ ಬಾಟಲಿಯಲ್ಲಿ ಹಿಡಿದ ಡೀಸಲ್ಲು, ತಳದಲ್ಲಿ ಒಂದು ಮಸುಕು ಗೆರೆ.

"ಆ ಸ್ಯಾಂಪಲ್ ಎಲ್ಲಿ?"

"ಅದು ಚೆಲ್ಲಿದ್ವಿ ಸಾರ್. ಜಾಸ್ತಿ ದಿನ ಇಡಕ್ಕಾಗಲ್ಲ."

ಹುಡುಗ ಒರಟನಾಗಿರಲಿಲ್ಲ. ಕಣ್ಣಲ್ಲಿ ನಿಜಕ್ಕೂ ಪಾಪ ಅನ್ನಿಸುವ ಭಾವ ಇತ್ತು. ಅವನು ಆ ಡ್ರಾಪ್‌ಡೌನ್‌ನಲ್ಲಿ ಒಂದು ಕೋಡು ಆರಿಸಿದ್ದ, ಇನ್ನು ಅದನ್ನು ಕಾಪಾಡಿಕೊಳ್ಳಬೇಕಿತ್ತು.

ಕಂಪನಿಯ ಕಡೆಗೂ ನ್ಯಾಯ ಇಲ್ಲದಿಲ್ಲ, ಅದನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಡ್ರಮ್ಮಿನಲ್ಲಿ ಡೀಸಲ್ ತಂದಿಟ್ಟು ಕ್ಯಾನಿನಿಂದ ಸುರಿಯೋದು ಇದೆ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಎಣ್ಣೆ ಬೆರೆಸೋರು ಇದ್ದಾರೆ. ಸೀಮೆಎಣ್ಣೆ ಬೆರೆತರೆ ಜಾರುಗುಣ ಬೀಳುತ್ತದೆ. ನೀರು ನಿಜವಾಗಲೂ ಪಂಪನ್ನು ಕೊಲ್ಲುತ್ತದೆ. ಅನುಮಾನಪಡಲು ಅವರಿಗೆ ಹಕ್ಕಿದೆ. ಆದರೆ ಅನುಮಾನ ಒಂದು, ಪುರಾವೆ ಇನ್ನೊಂದು. ಲ್ಯಾಬಿಗೆ ಸ್ಯಾಂಪಲ್ ಕಳಿಸದೆ, ಇರುವ ಸ್ಯಾಂಪಲ್ಲನ್ನೂ ಚೆಲ್ಲಿ, 1 ಲಕ್ಷ 84 ಸಾವಿರ ಕೇಳುವುದಕ್ಕೆ ಅನುಮಾನ ಸಾಲದು.

ಅವತ್ತು ರಾತ್ರಿ ಕಂಪನಿಯ ಪ್ರಾದೇಶಿಕ ಕಚೇರಿಗೆ ಮೇಲ್ ಬರೆದೆ. ಐದೇ ಪ್ರಶ್ನೆ. ತಿರಸ್ಕಾರದ ಕಾರಣ ಲಿಖಿತವಾಗಿ ಕೊಡಿ. ಯಾವ ಲ್ಯಾಬಿನಲ್ಲಿ, ಯಾವ ಮಾನಕದ ಪ್ರಕಾರ ಡೀಸಲ್ ಪರೀಕ್ಷೆಯಾಯಿತು? ನೀರಿನ ಕೋಡು ಯಾಕೆ ದಾಖಲಾಗಿಲ್ಲ? ಪಂಪನ್ನು ಬಿಚ್ಚಿ ಒಳಗಿನ ಸವೆತ ನೋಡಿದವರು ಯಾರು, ಅವರ ವರದಿ ಎಲ್ಲಿ? ರಿಪೇರಿಗೆ ದುಡ್ಡು ನಾವೇ ಕೊಡುವುದಾದರೆ ಹಳೇ ಪಂಪು ನಮಗೆ ಕೊಡ್ತೀರಾ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಮಾತನ್ನೂ ಕೊನೆಗೆ ಎತ್ತಿದ್ದೆ. ಆ ಕಾಯ್ದೆಯಲ್ಲಿ ವಿನ್ಯಾಸದ ದೋಷಕ್ಕೂ ತಯಾರಕನೇ ಹೊಣೆ ಅನ್ನೋ ಅಧ್ಯಾಯ ಇದೆ. ವ್ಯಾಪಾರಕ್ಕೆ ಕೊಂಡವನು ಗ್ರಾಹಕ ಅಲ್ಲ ಅಂತ ಕಂಪನಿಗಳು ವಾದ ಮಾಡುವುದುಂಟು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವವನನ್ನು ಕಾಯ್ದೆ ಗ್ರಾಹಕ ಅಂತಲೇ ನೋಡುತ್ತದೆ. ಮಾವ ಅದಕ್ಕೆ ಹೇಳಿಮಾಡಿಸಿದ ಉದಾಹರಣೆ.

ಮೂರು ವಾರ ಉತ್ತರ ಇಲ್ಲ. ಆಮೇಲೆ ಒಂದು ಫೋನ್, ಮೇಲ್ ಅಲ್ಲ. ಕಂಪನಿ 'ಗುಡ್‌ವಿಲ್' ಆಧಾರದಲ್ಲಿ ಬಿಡಿಭಾಗಗಳ ಬೆಲೆಯ ಶೇಕಡ 60 ಕೊಡುತ್ತದಂತೆ. ಭಾಗಗಳದ್ದು 1 ಲಕ್ಷ 60 ಸಾವಿರ, ಅದರಲ್ಲಿ 96 ಸಾವಿರ ಅವರದ್ದು. ಉಳಿದದ್ದು, ಲೇಬರ್, ಟ್ಯಾಂಕ್ ಕ್ಲೀನಿಂಗ್ ಎಲ್ಲ ಸೇರಿ 88 ಸಾವಿರ ನಮ್ಮದು. ಮುಂದೆ ಯಾವ ತಕರಾರೂ ಇಲ್ಲ ಅಂತ ಸಹಿ ಹಾಕಬೇಕು. ಹಳೇ ಭಾಗಗಳು ಕಂಪನಿಗೆ.

ನಾನು ಬೇಡ ಅಂದೆ. ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಣ, ಶುಲ್ಕ ಕೆಲವೇ ನೂರು ರೂಪಾಯಿ, ಆನ್‌ಲೈನಿನಲ್ಲೇ ಹಾಕಬಹುದು, ಎರಡು ವರ್ಷದೊಳಗೆ ಯಾವಾಗ ಬೇಕಾದರೂ ಹಾಕಬಹುದು, ಪಂಪನ್ನು ಲ್ಯಾಬಿಗೆ ಕಳಿಸಿ ಅಂತ ಕೇಳಬಹುದು, ಗೆಲ್ತೀವಿ ಅಂದೆ.

ಮಾವ ಜಗಲಿ ಮೇಲೆ ಕೂತು ಬೆರಳು ಎಣಿಸಿದರು. "ಗೆಲ್ತೀವಿ ಕಣಪ್ಪ. ಯಾವತ್ತು? ಗಾಡಿ ನಿಂತು 34 ದಿನ ಆಯ್ತು. ಕಂತು 14,200, ಅದಂತೂ ನಿಲ್ಲಲ್ಲ. ಕಾಯಿ ಕೆಡವೋ ಟೈಮು. ನಾನು ಹೋಗಲಿಲ್ಲ ಅಂದ್ರೆ ಸಾಹುಕಾರ್ರು ಬೇರೆ ಗಾಡಿ ಕರೀತಾರೆ. ಒಂದ್ಸಲ ಬಿಟ್ಟೋದ ಬಾಡಿಗೆ ಮತ್ತೆ ಬರುತ್ತಾ? ಪಂಪು ಲ್ಯಾಬಿಗೆ ಹೋದ್ರೆ ಗಾಡಿ ಅಲ್ಲೇ ಕೂತಿರಬೇಕಲ್ಲ, ಅದಕ್ಕೇನಂತೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವನ ಲೆಕ್ಕ ಸರಿಯಾಗಿತ್ತು. ನ್ಯಾಯದ ಬೆಲೆ ದಿನಕ್ಕಿಷ್ಟು ಅಂತ ಅವರು ಕಟ್ಟಿದ್ದರು, ಕೈಗೆಟುಕುವ ಬೆಲೆ ಅದಾಗಿರಲಿಲ್ಲ. ಟೆಕ್ಸಾಸಿನ ದನಗಾಹಿಗೂ ಇದೇ ಲೆಕ್ಕ ಇದ್ದಿರಬೇಕು. ಪಂಪು ಸಿಡಿದವರಲ್ಲಿ ಹಲವರು ಕೋರ್ಟಿಗೆ ಕಾಯದೆ ಕೈಯಿಂದ ದುಡ್ಡು ಹಾಕಿ ಗಾಡಿ ಹೊರಗೆ ತಂದವರೇ. ಇನ್ನು ಕೆಲವರು ಪಂಪು ಸಿಡಿಯುವ ಮೊದಲೇ ಸ್ವಂತ ಖರ್ಚಿನಲ್ಲಿ ಹಳೇ ಸಿಪಿ3 ಕೂರಿಸಿಕೊಂಡರು. ಪುಡಿ ಇಂಜೆಕ್ಟರಿಗೆ ಹೋಗದಂತೆ ತಡೆಯುವ 'ಡಿಸಾಸ್ಟರ್ ಪ್ರಿವೆನ್ಷನ್ ಕಿಟ್' ಅನ್ನೋ ಸಾಮಾನೇ ಅಲ್ಲಿ ಮಾರಾಟಕ್ಕೆ ಬಂತು. ಕಂಪನಿಗೆ ಮೂರು ವಾರ ಮೌನವಾಗಿರಲು ಏನೂ ಖರ್ಚಿಲ್ಲ. ಆ ಮೌನಕ್ಕೆ ಕಂತು ಕಟ್ಟಿದ್ದು ಮಾವ.

ಮಾವ ಸಹಿ ಹಾಕಿದರು. ಗಾಡಿ ಬಂತು, ಓಡುತ್ತಿದೆ.

ಇದನ್ನು ಓದುವವರಲ್ಲಿ ಹೆಚ್ಚಿನವರ ಬಳಿ ಟ್ರಕ್ ಇರಲಿಕ್ಕಿಲ್ಲ. ಆದರೆ ಡೀಸಲ್ ಕಾರಿರಬಹುದು, ಊರಲ್ಲಿ ಅಪ್ಪನದ್ದೋ ಚಿಕ್ಕಪ್ಪನದ್ದೋ ಟ್ರ್ಯಾಕ್ಟರ್ ಇರಬಹುದು. ಅವರಿಗೆ ಇಂಥ ಫೋನ್ ಬಂದ ದಿನ ಅವರು ಫೋನ್ ಮಾಡುವುದು ನಿಮಗೇ. ಆಗ ಕೆಲಸಕ್ಕೆ ಬರುವ ನಾಲ್ಕು ಮಾತು ಇಷ್ಟು. ಫೋನಿನಲ್ಲಿ ಓಕೆ ಅನ್ನಬೇಡಿ, ತಿರಸ್ಕಾರದ ಕಾರಣ ಕಾಗದದಲ್ಲಿ ಕೇಳಿ. ಟ್ಯಾಂಕು, ಫಿಲ್ಟರು ಬಿಚ್ಚುವಾಗ ಎದುರಿಗಿರಿ. ಡೀಸಲ್ಲಿನ ಸ್ಯಾಂಪಲ್ ಎರಡು ಬಾಟಲಿಗೆ ತೆಗೆಸಿ, ಸೀಲ್ ಮಾಡಿಸಿ, ಇಬ್ಬರೂ ಸಹಿ ಹಾಕಿ, ಒಂದು ನೀವಿಟ್ಟುಕೊಳ್ಳಿ. ಕೋಡುಗಳನ್ನು ಅಳಿಸುವ ಮುಂಚೆ ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ತಗೊಳ್ಳಿ. ಡೀಸಲ್ ಹಾಕಿಸಿದ ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ. ಫಿಲ್ಟರನ್ನು ಹೇಳಿದ ಕಿಲೋಮೀಟರಿಗೇ ಬದಲಾಯಿಸಿ, ಆ ರಸೀದಿಯೂ ಇರಲಿ. ಅದಿಲ್ಲ ಅಂದರೆ ಮೊದಲ ಪ್ರಶ್ನೆಯಲ್ಲೇ ನೀವು ಸೋತಿರುತ್ತೀರಿ.

ಇದೆಲ್ಲ ಒಬ್ಬೊಬ್ಬರ ಜಾಣತನ. ಅದರಿಂದ ದೊಡ್ಡದೇನೂ ಬದಲಾಗಲ್ಲ ಅಂತ ನನಗೂ ಗೊತ್ತು. ಅಮೆರಿಕದಲ್ಲಿ ಕೊನೆಗೆ ಏನಾದರೂ ಆಗಿದ್ದರೆ, ಬೇರೆ ಬೇರೆ ಊರಿನ ದೂರುಗಳು ಒಂದು ಕಡೆ ಸೇರಿ, ಇದು ಒಬ್ಬನ ಟ್ಯಾಂಕಿನ ಕತೆಯಲ್ಲ ಅಂತ ಕಂಡಿದ್ದರಿಂದ. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಯಾರು ಬೇಕಾದರೂ ದೂರು ಕೊಡಬಹುದು, ಯಾರು ಬೇಕಾದರೂ ಅವುಗಳನ್ನು ಓದಬಹುದು. ನಮ್ಮಲ್ಲೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ದೋಷವಿರುವ ವಾಹನಗಳನ್ನು ರೀಕಾಲ್ ಮಾಡಿ ಅಂತ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದರೆ ಆ ಅಧಿಕಾರ ಎಚ್ಚರವಾಗಬೇಕಾದರೆ ದೂರುಗಳು ದಾಖಲಾಗಬೇಕು. ಗುಡ್‌ವಿಲ್‌ನಲ್ಲಿ ಮುಗಿದ ಕೇಸು ಯಾವ ದಾಖಲೆಯಲ್ಲೂ ದೋಷ ಅಂತ ಬರುವುದಿಲ್ಲ. ಮಾವನ ಪಂಪಿನ ಕಾರಣದ ಕಾಲಮ್ಮಿನಲ್ಲಿ ಇವತ್ತಿಗೂ ಇರುವುದು 'ಇಂಧನದಲ್ಲಿ ನೀರು' ಅಂತಲೇ.

ಹೋದ ತಿಂಗಳು ಮಾವ ಫೋನ್ ಮಾಡಿದ್ದರು. ನಮ್ಮ ಪಕ್ಕದ ಊರಿನ ಒಬ್ಬರ ಗಾಡಿಯೂ ನಿಂತಿದೆಯಂತೆ. ಅದೇ ಮಾಡೆಲ್ಲು, ಬಂಕು ಬೇರೆ. ಡೀಸಲ್‌ನಲ್ಲಿ ನೀರಿತ್ತಂತೆ. ಆ ಐದು ಪ್ರಶ್ನೆಯ ಮೇಲ್ ಕಳಿಸು ಅಂದರು. ಕಳಿಸಿದೆ. ಈ ಸಲ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಇದೇ ಮಾದರಿಯ ಎರಡನೇ ಗಾಡಿ ಇದು, ಮೊದಲನೆಯದರ ವಿವರ ಈ ಕೆಳಗಿನಂತಿದೆ.